ಅವಳಿಗೆ ಇನ್ನೂ ಮನೆ ಸಿಕ್ಕಿಲ್ಲ ಅಂಕಲ್

ಶನಿವಾರ ಊಟಕ್ಕೆ ಬಂದಿದ್ದ ಗೆಳೆಯನಿಗೆ ನನ್ನ ಮಗಳು ಹೇಳಿದ ಮಾತಿದು. ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

ಇಲ್ಲಿ ನ್ಯೂಜೆರ್ಸಿಯಲ್ಲಿ ಅವಳ ಶಾಲೆಯವರು 'ಆ್ಯನಿ' ಅನ್ನೋ ಅನಾಥ ಹುಡುಗಿಯ ಕಥೆಯ ಸಂಗೀತ ನಾಟಕ ಮಾಡಿಸುತ್ತಿದ್ದಾರೆ. ಹಾಗಾಗಿ ಮನೆಯಲ್ಲಿ ಹೊತ್ತಲ್ಲದ ಹೊತ್ತಲ್ಲೂ 'ಟುಮಾರೋ' ಹಾಡು. ನಾಳೆ ಬಿಸಿಲು ಬಂದೇ ಬರುತ್ತೆ ಅನ್ನೋ ಹಾಡು, ನೀವೂ ಕೇಳಿರುತ್ತೀರಿ. ಗೆಳೆಯನಿಗೆ ಈಚೆಗೆ ಕೆಲಸ ಹೋಗಿದೆ. ಕೆಲಸದ ಮೇಲೆ ಸಿಗುವ ಎಚ್-1ಬಿ ವೀಸಾದಲ್ಲಿ ಇಲ್ಲಿರುವವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಸಮಯ. ಅಷ್ಟರಲ್ಲಿ ಬೇರೆ ದಾರಿ ಆಗದಿದ್ದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಡಬೇಕು. "ನಾಳೆ ಎಲ್ಲ ಸರಿಹೋಗುತ್ತೆ ಅಂತ ಹಾಡೋದು ಮನೆ ಮಠ ಇದ್ದವರಿಗೆ ಸುಲಭ ಪುಟ್ಟಿ" ಅಂದ. ಅವಳು ತಟ್ಟೆಯಿಂದ ತಲೆ ಎತ್ತದೆ, "ಈ ಹಾಡು ಹೇಳುವಾಗ ಅವಳಿಗೆ ಇನ್ನೂ ಮನೆ ಸಿಕ್ಕಿಲ್ಲ ಅಂಕಲ್" ಅಂದಳು. ಅವನು ಏನೂ ಹೇಳಲಿಲ್ಲ. ಅವನು ಒಳ್ಳೆಯವನು, ಮಕ್ಕಳ ಮಾತನ್ನು ತಳ್ಳಿಹಾಕುವ ಜಾತಿಯಲ್ಲ.

ಅವಳು ಹೇಳಿದ್ದು ನಿಜ. ಕಥೆ ನಡೆಯೋದು 1933ರ ನ್ಯೂಯಾರ್ಕ್‌ನಲ್ಲಿ. ಆಗ ಅಮೆರಿಕದಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಅನಾಥಾಲಯದಿಂದ ಓಡಿಬಂದ ಹುಡುಗಿ ಚಳಿಯಲ್ಲಿ ಒಂದು ಬೀದಿನಾಯಿಗೆ ಧೈರ್ಯ ಹೇಳುತ್ತಾ ಇದನ್ನು ಹಾಡುತ್ತಾಳೆ. ಮುಂದೆ ಅವಳಿಗೆ ಮನೆ ಕೊಡುವ ಸಿರಿವಂತ ಇನ್ನೂ ಅವಳ ಕಣ್ಣಿಗೇ ಬಿದ್ದಿಲ್ಲ. ಹಾಡು ಮುಗಿಸಿ ಅವಳು ಹೋಗೋದು ಕೆಲಸ ಕಳೆದುಕೊಂಡವರ ಗುಡಿಸಲುಗಳಿಗೆ, ಅಲ್ಲಿ ಪೊಲೀಸರು ನುಗ್ಗುತ್ತಾರೆ, ಅವಳು ಮತ್ತೆ ಅದೇ ಅನಾಥಾಲಯಕ್ಕೆ! ಅಂದರೆ ಹಾಡಿದ ಕೂಡಲೇ ಬಿಸಿಲೇನೂ ಬರೋದಿಲ್ಲ. ಇದನ್ನು ಯಾಕೆ ಯಾರೂ ನೆನಪಿಡೋದಿಲ್ಲ?

ನನಗನಿಸೋದು, ಹಾಡು ನಾಟಕದಿಂದ ಬೇರೆಯಾಗಿದ್ದಕ್ಕೆ. 1977ರಲ್ಲಿ ನಾಟಕ ನ್ಯೂಯಾರ್ಕ್‌ನ ಹೆಸರಾಂತ ರಂಗಮಂದಿರಗಳ ಬೀದಿ ಬ್ರಾಡ್‌ವೇಗೆ ಬಂದಾಗ ಇದನ್ನು ಹಾಡಿದ್ದು 13 ವರ್ಷದ ಆ್ಯಂಡ್ರಿಯಾ ಮೆಕಾರ್ಡಲ್. ಆ ಮೂಲ ಧ್ವನಿಮುದ್ರಣ ಕೇಳಿ. ಗಟ್ಟಿ ಗಂಟಲು, ನಯ ಕಡಿಮೆ, ಬೀದಿಯಲ್ಲಿ ನಿಂತು ಕೂಗಿ ಹೇಳಿದ ಹಾಗಿದೆ. ಮರುವರ್ಷ ಹೆಸರಾಂತ ಗಾಯಕಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ತಮ್ಮ 'ಸಾಂಗ್‌ಬರ್ಡ್' ಆಲ್ಬಮ್‌ನಲ್ಲಿ ಹಾಡಿದರು. ಎಂಥ ಕಂಠ ಅದು! ಆದರೆ ಆ ಕಂಠಕ್ಕೆ ನಾಳೆಯ ಚಿಂತೆ ಇರುವ ಹಾಗೆ ಕೇಳಿಸೋದೇ ಇಲ್ಲ. ಇನ್ನೊಬ್ಬ ಗಾಯಕಿ ಗ್ರೇಸ್ ಜೋನ್ಸ್ ಅದೇ 1977ರಲ್ಲಿ ಇದನ್ನು ಡಿಸ್ಕೋ ಮಾಡಿದರು, ಅದು ನನಗೆ ಜಾಸ್ತಿ ಇಷ್ಟ. ಅಲ್ಲಿ ಮಗು ಇಲ್ಲ, ನಾಯಿ ಇಲ್ಲ, ಆದರೆ ಬೆಳಗಾಗೋವರೆಗೆ ಹೇಗಾದರೂ ಕುಣಿದು ಕಳೆಯಬೇಕು ಅನ್ನೋ ಹಟ ಇದೆ. ನಡುಗುವವರ ಬಾಯಲ್ಲಿ ಈ ಹಾಡು ನಿಲ್ಲುತ್ತೆ, ಬೆಚ್ಚಗಿರುವವರು ಹಾಡಿದರೆ ಬರೀ ಉಪದೇಶ.

ನನ್ನ ಗೆಳೆಯನಿಗೆ ಈಗ ಸಿಗುತ್ತಿರೋದೂ ಅದೇ ಉಪದೇಶ. 'ಪಾಸಿಟಿವ್ ಆಗಿರು, ಎಲ್ಲ ಒಳ್ಳೇದಕ್ಕೇ' ಅಂತ ದಿನಾ ವಾಟ್ಸಾಪ್‌ನಲ್ಲಿ ಕಳಿಸುವವರಲ್ಲಿ ಅವನ ಹಳೇ ಮ್ಯಾನೇಜರ್ ಕೂಡ ಇದ್ದಾನೆ, ಕೆಲಸದಿಂದ ತೆಗೆಯುವವರ ಪಟ್ಟಿಯಲ್ಲಿ ಇವನ ಹೆಸರು ಬರೆದವನೇ ಅವನು. ಅಂಥವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ನಾಟಕದಲ್ಲಿ ಆ್ಯನಿ ಇದೇ ಹಾಡನ್ನು ಅಧ್ಯಕ್ಷ ರೂಸ್‌ವೆಲ್ಟ್ ಮತ್ತು ಅವರ ಮಂತ್ರಿಗಳ ಮುಂದೆಯೂ ಹಾಡುತ್ತಾಳೆ. ರೂಸ್‌ವೆಲ್ಟ್ ಮಂತ್ರಿಗಳಿಂದಲೂ ಹಾಡಿಸುತ್ತಾರೆ, ಆಮೇಲೆ ಜನರಿಗೆ ಕೆಲಸ ಕೊಡುವ ನ್ಯೂ ಡೀಲ್ ಯೋಜನೆಯ ಯೋಚನೆ ಅಲ್ಲೇ ಹುಟ್ಟುತ್ತೆ. ಅದು ಕಟ್ಟುಕಥೆ, ಇರಲಿ. ಆದರೂ ಆ ದೃಶ್ಯ ಬರೆದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಮಗು ಹಾಡಿದರೆ ಸಾಕು, ಅಧಿಕಾರ ಇದ್ದವರು ಸುಮ್ನೆ ಜೊತೆಗೆ ಹಾಡಿದರೆ ಸಾಲದು.

ಗೆಳೆಯನ ರೆಸ್ಯೂಮೆ ನನ್ನ ಹತ್ತಿರ ಇದೆ. ಡೇಟಾ ಎಂಜಿನಿಯರ್, ಒಳ್ಳೆ ಅನುಭವ ಇದೆ, ಎಲ್ಲಿಗೆ ಬೇಕಾದರೂ ಹೋಗಲು ತಯಾರಿದ್ದಾನೆ. ವೀಸಾ ಸ್ಪಾನ್ಸರ್ ಮಾಡುವ ಕಡೆ ಜಾಗ ಖಾಲಿ ಇದ್ದರೆ ದಯವಿಟ್ಟು ತಿಳಿಸಿ.