ಲ್ಯಾಪ್‌ಟಾಪ್ ಇನ್ನೂ ಬೆಂಗಳೂರಲ್ಲೇ ಇತ್ತು

17 ಅಕ್ಟೋಬರ್ 2024, ಗುರುವಾರ, ಮ್ಯೂನಿಕ್

ಇವತ್ತು ಮಾನ ಹೋಯ್ತು. ಬೆಳಗ್ಗೆ ಲ್ಯಾಪ್‌ಟಾಪಲ್ಲಿ ಕ್ಯಾಲೆಂಡರ್ ನೋಡಿದ್ರೆ ಮೀಟಿಂಗು ಒಂದೂವರೆಗೆ ಅಂತಿತ್ತು, ಫೋನಲ್ಲಿ ಟೈಮು ಒಂಬತ್ತೂವರೆ, ಇನ್ನೂ ನಾಲ್ಕು ಗಂಟೆ ಇದ್ಯಲ್ಲ ಅಂತ ಆರಾಮಾಗಿ ಕಾಫಿ ಹುಡ್ಕೊಂಡು ಹೋದೆ. ವಾಪಸ್ ಬಂದಾಗ ಮೀಟಿಂಗೇ ಮುಗಿದಿತ್ತು. ಫೋನು ಇಲ್ಲಿ ಇಳಿದ ತಕ್ಷಣ ತಾನೇ ಟೈಮ್ ಬದಲಾಯಿಸ್ಕೊಂಡಿತ್ತು, ಲ್ಯಾಪ್‌ಟಾಪು ಮಾತ್ರ ಮೂರೂವರೆ ಗಂಟೆ ಮುಂದೆ, ನಮ್ಮ ಟೈಮಲ್ಲೇ ಕೂತಿತ್ತು. ಅದು ಒಂದೂವರೆ ಅಂದಿದ್ದು ಇಲ್ಲಿನ ಹತ್ತು ಗಂಟೆ.

ನನ್ನ ಲ್ಯಾಪ್‌ಟಾಪಲ್ಲಿರೋದು ಲಿನಕ್ಸು, ಅದರ ಡೆಸ್ಕ್‌ಟಾಪ್ ಗ್ನೋಮ್. ಅದರ ಸೆಟ್ಟಿಂಗ್ಸಲ್ಲಿ ಡೇಟು ಟೈಮು ಆಟೋಮ್ಯಾಟಿಕ್ ಅಂತ ಹಾಕಿದ್ರೆ ಸಾಕು ಅಂದ್ಕೊಂಡಿದ್ದೆ ಇಷ್ಟು ದಿನ. ಅದು ಸೆಕೆಂಡು ತಪ್ಪದ ಹಾಗೆ ನೋಡ್ಕೊಳತ್ತೆ ಅಷ್ಟೇ, ನಾವು ಯಾವ ಊರಲ್ಲಿದ್ದೀವಿ ಅನ್ನೋದು ಅದಕ್ಕೆ ಬೇಕಾಗಿಲ್ಲ. ಟೈಮ್‌ಝೋನಿಗೆ ಬೇರೇನೇ ಸ್ವಿಚ್ಚು, ಜೊತೆಗೆ ಪ್ರೈವಸಿ ಒಳಗೆ ಲೊಕೇಶನ್ನೂ ಆನ್ ಇರ್ಬೇಕು. ಎರಡೂ ಆನ್ ಮಾಡ್ದೆ, ಜಪ್ಪಯ್ಯ ಅಂದ್ರೂ ಗಡಿಯಾರ ಅಲುಗಲಿಲ್ಲ.

ಆಮೇಲೆ ಟಿಝಡ್‌ಅಪ್‌ಡೇಟ್ ಅನ್ನೋ ಸಣ್ಣ ಟೂಲ್ ಹಾಕ್ದೆ, ಅದು ಐಪಿ ಅಡ್ರೆಸ್ ನೋಡಿ ಊರು ಹೇಳತ್ತೆ. ಏನ್ ಹೇಳ್ತು ಗೊತ್ತಾ, ಏಷ್ಯಾ/ಕೋಲ್ಕತಾ! ಆಫೀಸಿನ ವಿಪಿಎನ್ ಆನ್ ಇತ್ತು, ನನ್ನ ಇಂಟರ್ನೆಟ್ಟೆಲ್ಲ ಅದರ ಮೂಲಕ ಹೋಗಿ ಹೊರಗೆ ಬರೋದು ಬೆಂಗಳೂರಿಂದ. (ಟೈಮ್‌ಝೋನ್ ಹೆಸರುಗಳ ಪಟ್ಟೀಲಿ ಬೆಂಗಳೂರಿಲ್ಲ, ಮ್ಯೂನಿಕ್ಕೂ ಇಲ್ಲ, ನಮಗೆ ಕೋಲ್ಕತಾ ಇವರಿಗೆ ಬರ್ಲಿನ್.)

ಸರಿ ಅಂತ ಜರ್ನಲ್‌ಸಿಟಿಎಲ್ ಅನ್ನೋ ಕಮ್ಯಾಂಡ್ ಹಾಕಿ ಸಿಸ್ಟಮ್ಮಿನ ಲಾಗ್ ನೋಡಿದ್ರೆ ವಿಷಯ ಗೊತ್ತಾಯ್ತು. ಲಿನಕ್ಸಲ್ಲಿ ಜಾಗ ಪತ್ತೆ ಮಾಡೋ ಜಿಯೋಕ್ಲೂ ಅನ್ನೋ ಪ್ರೋಗ್ರಾಮು ಸುತ್ತಮುತ್ತ ಇರೋ ವೈಫೈ ರೌಟರ್‌ಗಳ ಲಿಸ್ಟ್ ಕಳ್ಸಿ ಜಾಗ ಕೇಳತ್ತೆ, ನನ್ನ ಹಳೇ ಕಾನ್ಫಿಗ್ ಕೇಳ್ತಿದ್ದಿದ್ದು ಮೊಝಿಲ್ಲಾದ ಲೊಕೇಶನ್ ಸರ್ವಿಸನ್ನ, ಅದು ಇದೇ ವರ್ಷ ನಿಂತುಹೋಗಿದೆ. ಅವರು ಮೊದಲೇ ಹೇಳಿದ್ರು, ಅಪ್‌ಡೇಟ್ ಮಾಡ್ದೆ ಸೋಮಾರಿತನ ಮಾಡಿದ್ದು ನಾನು. ಇಟಿಸಿ ಫೋಲ್ಡರ್ ಒಳಗಿನ ಜಿಯೋಕ್ಲೂ.ಕಾನ್ಫ್ ಫೈಲಲ್ಲಿ ವೈಫೈ ಭಾಗದ ಯುಆರ್‌ಎಲ್ ತೆಗ್ದು, ಅದೇ ಕೆಲಸ ಮಾಡೋ ಬೀಕನ್‌ಡಿಬಿ ಅನ್ನೋ ಇನ್ನೊಂದು ಸರ್ವಿಸಿಂದು ಹಾಕಿ ಸರ್ವಿಸ್ ರೀಸ್ಟಾರ್ಟ್ ಮಾಡ್ದೆ. ಸ್ಕ್ರೀನ್ ಮೇಲಿನ ಗಡಿಯಾರ ರಾತ್ರಿ 9:40 ಇದ್ದಿದ್ದು ಟಕ್ ಅಂತ ಸಂಜೆ 6:10 ಆಯ್ತು, ವಿಪಿಎನ್ ಆನ್ ಇದ್ರೂನೂ. ಇದೂ ಕೈಕೊಟ್ರೆ ಇದ್ದೇ ಇದೆ, ಟೈಮ್‌ಡೇಟ್‌ಸಿಟಿಎಲ್ ಅನ್ನೋ ಕಮ್ಯಾಂಡ್ ಹಾಕಿ ಕೈಯಲ್ಲೇ ಬರ್ಲಿನ್ ಅಂತ ಕೊಡೋದು.

ಈ ಖುಷೀಲಿ ಎಂಟು ಗಂಟೆಗೆ ಅಮ್ಮಂಗೆ ಫೋನ್ ಮಾಡ್ದೆ. ನಿದ್ದೆಗಣ್ಣಲ್ಲಿ ಎತ್ತಿ "ಏನಾಯ್ತೋ, ಹನ್ನೊಂದೂವರೆ ಇಲ್ಲಿ" ಅಂದ್ರು.