ಆಕಾಶಬುಟ್ಟಿಯ ಮೇಲೆ ಕನ್ನಡ: ಕೈಪೆಟ್ಟಿಗೆಯೋ, ಕಂಪ್ಯೂಟರೋ?

ಸೆಪ್ಟೆಂಬರ್ 14, 2024, ಶನಿವಾರ

ಹಿಂದಿನ ಬೀದಿಯ ಅಜ್ಜಿ ಮನೆ ಖಾಲಿ ಮಾಡುತ್ತಿದ್ದಾರೆ. ಅವರ ಗರಾಜ್ ಸೇಲ್‌ನಲ್ಲಿ 35 ಡಾಲರ್‌ಗೆ ಒಂದು ಇಡೀ ಸಂಸಾರವೇ ಸಿಕ್ಕಿತು. ಕಾಗದ ಕತ್ತರಿಸುವ ಹಳೆಯ ಯಂತ್ರ ಕ್ರಿಕಟ್ ಎಕ್ಸ್‌ಪ್ರೆಷನ್, ಕತ್ತರಿಸುವಾಗ ಕಾಗದ ಅಂಟಿಸಿಡುವ ಎರಡು ಮ್ಯಾಟ್, ಶೂ ಡಬ್ಬಿ ತುಂಬ ಕಾರ್ಟ್ರಿಡ್ಜ್, ಜೊತೆಗೆ ಜಿಪ್ಸಿ ಅನ್ನುವ ಒಂದು ಕೈಪೆಟ್ಟಿಗೆ. ನೋಡಲು ಮಕ್ಕಳ ವಿಡಿಯೋ ಗೇಮ್ ತರ ಇದೆ. ಪರದೆ ಮುಟ್ಟಲು ಒಂದು ಕಡ್ಡಿ.

ಮನೆಗೆ ತಂದಾಗ ನಮ್ಮನೆಯವರು ಬಾಗಿಲಲ್ಲೇ ನಿಂತಿದ್ದರು. "ಎಂಥ ಮಾರಾಯ್ತಿ, ಮತ್ತೊಂದು ಯಂತ್ರವಾ?"

"ಆಕಾಶಬುಟ್ಟಿಗೆ ರೀ," ಅಂದೆ.

"ಗೂಡುದೀಪ ಅನ್ನು," ಅಂದರು. ಅವರು ಮಂಗಳೂರಿನ ಕಡೆಯವರು, ನಾನು ಶಿವಮೊಗ್ಗದವಳು. ಮದುವೆಯಾಗಿ 14 ವರ್ಷವಾದರೂ ಈ ಜಗಳ ಮುಗಿದಿಲ್ಲ.

ಈ ಸಲದ ದೀಪಾವಳಿ ಅಮಾವಾಸ್ಯೆ ನವೆಂಬರ್ 1ಕ್ಕೆ ಬಿದ್ದಿದೆ. ಅವತ್ತೇ ರಾಜ್ಯೋತ್ಸವ ಕೂಡ. ಹಾಗಾಗಿ ಒಂದು ಆಸೆ: ಹಳದಿ ಕೆಂಪು ಆಕಾಶಬುಟ್ಟಿ, ಅದರ ಮೇಲೆ ದೊಡ್ಡದಾಗಿ "ಕನ್ನಡ" ಅಂತ ಕತ್ತರಿಸಿ, ಒಳಗಿನ ಬೆಳಕು ಅಕ್ಷರದಿಂದಲೇ ಹೊರಗೆ ಬರಬೇಕು. ನ್ಯೂ ಜೆರ್ಸಿಯ ನಮ್ಮ ಬೀದಿಯಲ್ಲಿ ಇದನ್ನು ಓದಲು ಬರುವವರು ನಾವು ಮೂರೇ ಜನ. ಇರಲಿ.

ಸೆಪ್ಟೆಂಬರ್ 17

ಪೆಟ್ಟಿಗೆಯ ವಿಷಯ ಸ್ವಲ್ಪ ಓದಿಕೊಂಡೆ. ಜಿಪ್ಸಿ ಬಂದದ್ದು 2010ರ ಆಸುಪಾಸಿನಲ್ಲಿ, ಯೂಟಾದ ಪ್ರೊವೊ ಕ್ರಾಫ್ಟ್ ಕಂಪನಿಯಿಂದ. ಆಗ ಕಾಗದದ ಕೆಲಸ ಮಾಡುವವರ ಹತ್ತಿರ ರಾಶಿ ರಾಶಿ ಕಾರ್ಟ್ರಿಡ್ಜ್ ಇರುತ್ತಿತ್ತು. ಒಂದೊಂದರಲ್ಲಿ ಒಂದು ಅಕ್ಷರಮಾಲೆ, ಒಂದಷ್ಟು ಚಿತ್ರ. ಅವನ್ನೆಲ್ಲ ಒಮ್ಮೆ ಪೆಟ್ಟಿಗೆಗೆ ಜೋಡಿಸಿಬಿಟ್ಟರೆ ಮುಗಿಯಿತು, ಆಮೇಲೆ ಕಾರ್ಟ್ರಿಡ್ಜ್ ಹೊತ್ತು ತಿರುಗಬೇಕಿಲ್ಲ. ಕೂತಲ್ಲೇ ವಿನ್ಯಾಸ ಮಾಡಿ, ಮನೆಗೆ ಬಂದು ಕೇಬಲ್ ಹಾಕಿ ಯಂತ್ರದಲ್ಲಿ ಕತ್ತರಿಸುವುದು. ನನ್ನ ಪುಣ್ಯಕ್ಕೆ ಅಜ್ಜಿ ಜೋಡಿಸಿಟ್ಟದ್ದೆಲ್ಲ ಹಾಗೇ ಒಳಗಿದೆ. ಕ್ರಿಸ್‌ಮಸ್ ಗಂಟೆ, ಕುಂಬಳಕಾಯಿ, ಮಗುವಿನ ತೊಟ್ಟಿಲು, ಏನುಂಟು ಏನಿಲ್ಲ.

ಕಂಪ್ಯೂಟರ್ ದಾರಿ ಈ ಹಳೆ ಯಂತ್ರಕ್ಕೆ ಮುಚ್ಚಿಹೋಗಿದೆ. ಒಂದು ಕಾಲಕ್ಕೆ ಶ್ಯೂರ್ ಕಟ್ಸ್ ಎ ಲಾಟ್, ಮೇಕ್ ದ ಕಟ್ ಅನ್ನುವ ಬೇರೆಯವರ ಸಾಫ್ಟ್‌ವೇರ್‌ಗಳು ಇದನ್ನು ಓಡಿಸುತ್ತಿದ್ದವು. 2011ರ ಹೊತ್ತಿಗೆ ಕೋರ್ಟು ಕೇಸು ಆಗಿ ಅವು ಕೈಬಿಟ್ಟವು. ಕಂಪನಿಯದೇ ಆದ ಕ್ರಾಫ್ಟ್ ರೂಮ್ 2018ರ ಜುಲೈನಲ್ಲಿ ನಿಂತಿತು. ಅಂದರೆ ಮನೆಯ ಯಂತ್ರ ಬೇಕಾದರೆ ಪೆಟ್ಟಿಗೆಯೇ ಗತಿ. ಕಂಪ್ಯೂಟರ್ ಬೇಕಾದರೆ ಬೇರೆ ಯಂತ್ರ ಹುಡುಕಬೇಕು. ನಮ್ಮ ಲೈಬ್ರರಿಯಲ್ಲಿ ಕಂಪ್ಯೂಟರಿನಿಂದ ಓಡುವ ಅಂಥದ್ದೊಂದು ಯಂತ್ರ, ಸಿಲೂಯೆಟ್ ಕ್ಯಾಮಿಯೋ ಇದೆ. ಮೊದಲೇ ಹೆಸರು ಬರೆಸಿದರೆ ವಾರಕ್ಕೊಮ್ಮೆ ಎರಡು ಗಂಟೆ ಕೊಡುತ್ತಾರೆ.

ಸೆಪ್ಟೆಂಬರ್ 22

ಮೊದಲು ಬುಟ್ಟಿಯ ಆಕಾರ. ಊರಲ್ಲಿ ಅಪ್ಪ ಬಿದಿರು ಕಡ್ಡಿ ಕಟ್ಟಿ, ಗಾಳಿಪಟದ ಬಣ್ಣದ ಕಾಗದ ಅಂಟಿಸುತ್ತಿದ್ದರು. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಹುಳ ಹಿಡಿಯದಿರಲಿ ಅಂತ. ನನಗೆ ಕಡ್ಡಿ ಕಟ್ಟಲು ಬರುವುದಿಲ್ಲ. ದಪ್ಪ ಕಾಗದವೇ ಗೋಡೆಯಾಗಬೇಕು.

ನಾನು ಆರಿಸಿದ ಆಕಾರಕ್ಕೆ 6 ಚೌಕ, 8 ತ್ರಿಕೋನ, ಎಲ್ಲದರ ಅಂಚೂ 5 ಇಂಚು. ಮೇಲಿನ ಚೌಕ, ಕೆಳಗಿನ ಚೌಕ ಖಾಲಿ ಬಿಟ್ಟರೆ ಸುತ್ತ ಉಳಿಯುವುದು ನಾಲ್ಕು. ಕ, ನ್ನ, ಡ, ನಾಲ್ಕನೆಯದರಲ್ಲಿ ಒಂದು ಹಣತೆ. ಲೆಕ್ಕ ಹೇಗೆ ಕೂತಿತು ನೋಡಿ! ಇನ್ನೊಂದು ಅನುಕೂಲ: ಈ ಆಕಾರದಲ್ಲಿ ಪ್ರತಿ ಅಂಚಿನ ಒಂದು ಕಡೆ ಚೌಕ, ಇನ್ನೊಂದು ಕಡೆ ತ್ರಿಕೋನ. ಅಂಟಿಸುವ ಮಡಿಕೆಯನ್ನು ತ್ರಿಕೋನಗಳಿಗೆ ಮಾತ್ರ ಇಟ್ಟರೆ ಸಾಕು. ಚೌಕ ಹಳದಿ, ತ್ರಿಕೋನ ಕೆಂಪು. 12 ಇಂಚಿನ ಮೂರೇ ಹಾಳೆಯಲ್ಲಿ ಇಡೀ ಬುಟ್ಟಿ.

ಸೆಪ್ಟೆಂಬರ್ 28

ಮಗಳ ಭರತನಾಟ್ಯ ಕ್ಲಾಸು 45 ನಿಮಿಷ. ಕಾರಲ್ಲೇ ಕೂತು ಪೆಟ್ಟಿಗೆ ತೆರೆದೆ. ನಿಜ ಹೇಳಬೇಕೆಂದರೆ ಇದು ಮುದ್ದಾಗಿದೆ. ಪರದೆಯ ಮೇಲೆ ಮ್ಯಾಟಿನ ಚೌಕುಳಿ ಕಾಣುತ್ತದೆ. ಕಡ್ಡಿಯಿಂದ ಆಕಾರ ಎಳೆದು, ತಿರುಗಿಸಿ, ಒಂದರ ಪಕ್ಕ ಒಂದು ಒತ್ತಿ ಇಡಬಹುದು. ಲಾಗಿನ್ ಇಲ್ಲ, ಇಂಟರ್ನೆಟ್ ಇಲ್ಲ, ನಡುವೆ ಆಫೀಸಿನ ಮೆಸೇಜ್ ಬರುವುದಿಲ್ಲ.

ಆದರೆ ಇದರೊಳಗೆ ಕನ್ನಡ ಎಲ್ಲಿಂದ ಬರಬೇಕು? ಅಮೆರಿಕದ ಸ್ಕ್ರಾಪ್‌ಬುಕ್ ಮಂದಿಗೆ ಅಂತಲೇ ಮಾಡಿದ್ದು. ಇರುವ ಆಕಾರಗಳನ್ನೇ ಸೇರಿಸಿ ಅಕ್ಷರ ಕಟ್ಟಿದರೆ ಹೇಗೆ ಅನ್ನಿಸಿತು. ವೆಲ್ಡ್ ಅಂತ ಒಂದು ಗುಂಡಿ ಇದೆ, ಒಂದರ ಮೇಲೊಂದು ಕೂತ ಆಕಾರಗಳನ್ನು ಬೆಸೆದು ಒಂದೇ ಮಾಡುತ್ತದೆ. ಕ ಅಂದರೆ ಏನು? ಮೇಲೆ ತಲೆಕಟ್ಟು, ನಡುವೆ ಅಡ್ಡಗೆರೆ, ಕೆಳಗೆ ದುಂಡು. ದುಂಡಿಗೆ ಇಂಗ್ಲಿಷಿನ ಓ. ಅಡ್ಡಗೆರೆಗೆ ಹೈಫನ್. ತಲೆಕಟ್ಟಿಗೆ ಜೆ ಅಕ್ಷರವನ್ನು ಮಲಗಿಸಿದೆ. ಬೆಸೆದೆ. ಕಾರಿನೊಳಗೆ ಒಬ್ಬಳೇ ನಕ್ಕೆ.

ರಾತ್ರಿ ಹಳೆ ಕ್ಯಾಲೆಂಡರ್ ಕಾಗದದಲ್ಲಿ ಕತ್ತರಿಸಿ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿದರು.

"ಹಂಡೆಗೆ ಮುಚ್ಚಳ ಹಾಕಿದ ಹಾಗಿದೆಯಲ್ಲೇ."

"ಕ ಅಮ್ಮಾ ಅದು."

"ಇದು ಕ ಆದ್ರೆ ನೀನು ಒಂದನೇ ಕ್ಲಾಸಲ್ಲಿ ಬರೀತಿದ್ದ ಕಾಗೆ ಕಾಲು ಗುಬ್ಬಿ ಕಾಲೇ ಎಷ್ಟೋ ವಾಸಿ."

ಅಕ್ಟೋಬರ್ 3

ಹಟಕ್ಕೆ ಬಿದ್ದು ನ್ನ ಕೂಡ ಕಟ್ಟಲು ನೋಡಿದೆ. ಎರಡು ಸಿ, ಒಂದು ಎಸ್, ಮೂರು ಸಂಜೆ. ಓದಬಹುದು, ಆದರೆ ಪಕ್ಕದಲ್ಲಿ ಕ ಇದ್ದರೆ ಮಾತ್ರ. ಕನ್ನಡ ಅಕ್ಷರದ ಗೆರೆ ಒಂದೇ ದಪ್ಪದಲ್ಲಿ ಹರಿಯುತ್ತಾ ತಿರುವಿನಲ್ಲಿ ಮೆತ್ತಗೆ ಬಾಗುತ್ತದೆ. ಇಂಗ್ಲಿಷಿನ ಎಸ್ ನಡುವೆ ಉಬ್ಬಿ ತುದಿಯಲ್ಲಿ ಸಣ್ಣದಾಗುತ್ತದೆ. ಬೆಸೆದ ಕಡೆಯೆಲ್ಲ ಮೊಣಕಾಲು ಊದಿಕೊಂಡ ಹಾಗೆ ಕಾಣುತ್ತದೆ. ಅಕ್ಷರಕ್ಕೆ ಪೆಟ್ಟಿಗೆ ಬೇಡ ಅಂತ ತೀರ್ಮಾನ ಮಾಡಿದೆ. ಮೂರು ಸಂಜೆ ಹೋಯಿತಲ್ಲ ಅಂತ ಬೇಜಾರೇನೂ ಇಲ್ಲ. ಕ ಅಕ್ಷರವನ್ನು ನಾನು ಇಷ್ಟು ಹೊತ್ತು ದಿಟ್ಟಿಸಿ ನೋಡಿದ್ದು ಅಕ್ಷರಾಭ್ಯಾಸದ ನಂತರ ಇದೇ ಮೊದಲು.

ಅಕ್ಟೋಬರ್ 6

ಲ್ಯಾಪ್‌ಟಾಪಿನಲ್ಲಿ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಹಾಕಿಕೊಂಡೆ. ದುಡ್ಡಿಲ್ಲ. ಯೂನಿಕೋಡ್ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಫಾಂಟು ಬಲೂ ತಮ್ಮ 2. ಹೆಸರು ತಮಾಷೆಯಾಗಿದೆ, ಅಕ್ಷರ ಗುಂಡು ಗುಂಡಾಗಿ ಉಂಡಾಡಿ ತರ. ಕತ್ತರಿಸಲು ಇಂಥದ್ದೇ ಬೇಕು. ತೆಳ್ಳಗಿನ ಫಾಂಟಿನ ಗೆರೆ ಕಿಟಕಿಯಾದರೆ ಬೆಳಕು ಬರುವುದಿಲ್ಲ.

"ಕನ್ನಡ" ಅಂತ ಟೈಪ್ ಮಾಡಿ ಎಂಟರ್ ಒತ್ತಿದ ಕ್ಷಣ, ಮೂರು ಸಂಜೆಯ ಕೆಲಸ ಮೂರು ಸೆಕೆಂಡಿನಲ್ಲಿ ಪರದೆಯ ಮೇಲೆ ಕೂತಿತ್ತು. ಸ್ವಲ್ಪ ಸಿಟ್ಟೇ ಬಂತು.

ಆಮೇಲೆ ನಿಜವಾದ ಕೆಲಸ ಶುರು. ಅಕ್ಷರವನ್ನು ಕಿಟಕಿಯಾಗಿ ಕೊರೆದರೆ ಕ ಕೆಳಗಿನ ದುಂಡಿನ ಒಳಭಾಗ ಪೂರ್ತಿ ಉದುರಿಬಿಡುತ್ತದೆ. ಅದನ್ನು ಹೊರಗಿನ ಕಾಗದಕ್ಕೆ ಎಲ್ಲಾದರೂ ಕಟ್ಟಿ ಹಾಕಬೇಕು. ಎರಡೂವರೆ ಮಿಲಿಮೀಟರ್ ಅಗಲದ ಎರಡು ಪಟ್ಟಿ ಬಿಟ್ಟೆ. ನಮ್ಮನೆಯವರು ಅದಕ್ಕೆ ಕಾಲುಸಂಕ, ಅಂದರೆ ಹಳ್ಳ ದಾಟುವ ಸಣ್ಣ ಸೇತುವೆ, ಅಂತ ಹೆಸರಿಟ್ಟರು. ಒಂದೇ ಸಂಕ ಇಟ್ಟರೆ ಒಳಗಿನ ತುಂಡು ಬಾಗಿಲಿನ ಹಾಗೆ ತೂಗಾಡುತ್ತದೆ, ಎದುರು ಬದುರು ಎರಡು ಬೇಕು.

ನ್ನ ತೊಂದರೆ ಬೇರೆ. ನ ಅಕ್ಷರಕ್ಕೂ ಕೆಳಗಿನ ಒತ್ತಿಗೂ ನಡುವೆ ಉಳಿಯುವ ಕಾಗದ ಕೂದಲೆಳೆಯಷ್ಟು. ಬ್ಲೇಡು ಎರಡು ಕಡೆಯಿಂದ ಹೋದರೆ ಹರಿಯುವುದು ಗ್ಯಾರಂಟಿ. ಒತ್ತನ್ನು ಬಿಡಿಸಿ 2 ಮಿಲಿಮೀಟರ್ ಕೆಳಗೆ ಸರಿಸಿದೆ. ಟೈಪೋಗ್ರಫಿ ಬಲ್ಲವರು ಕ್ಷಮಿಸಬೇಕು.

ಅಕ್ಟೋಬರ್ 12, ವಿಜಯದಶಮಿ

ಲೈಬ್ರರಿಯಲ್ಲಿ ಎರಡು ಗಂಟೆ. ಅಲ್ಲಿಯ ಯಂತ್ರ ಓಡಿಸುವ ಸಾಫ್ಟ್‌ವೇರ್ ಸಿಲೂಯೆಟ್ ಸ್ಟುಡಿಯೋದ ಉಚಿತ ಆವೃತ್ತಿ, ಅದಕ್ಕೆ ಡಿಎಕ್ಸ್‌ಎಫ್ ಫೈಲ್ ಕೊಡಬೇಕು. ಅದನ್ನು ಮೊದಲೇ ಮಾಡಿಕೊಂಡು ಹೋಗಿದ್ದೆ. ಹಳದಿ ಕಾಗದ ಚೆನ್ನಾಗಿ ಕತ್ತರಿಸಿತು. ಮ್ಯಾಟಿನಿಂದ ಕಾಗದ ಎಳೆಯಬಾರದು, ಸುರುಳಿ ಸುತ್ತಿಕೊಳ್ಳುತ್ತದೆ. ಮ್ಯಾಟನ್ನು ಬೋರಲು ಹಾಕಿ, ಮ್ಯಾಟನ್ನೇ ಬಾಗಿಸುತ್ತಾ ಬಿಡಿಸಬೇಕು, ದೋಸೆಯಿಂದ ಕಾವಲಿಯನ್ನು ಎಬ್ಬಿಸಿದ ಹಾಗೆ. ಕ ಬಿಟ್ಟುಕೊಂಡಾಗ ಎರಡೂ ಸಂಕ ಗಟ್ಟಿಯಾಗಿ ನಿಂತಿದ್ದವು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಲೈಬ್ರರಿಯಾಕೆ "ಇದು ಯಾವ ಭಾಷೆ, ಎಷ್ಟು ದುಂಡಗಿದೆ" ಅಂದರು. ನಾನು ಐದು ನಿಮಿಷ ಭಾಷಣ ಬಿಗಿದೆ, ಪಾಪ.

ಮನೆಗೆ ಬಂದು ಸೀರಿಯಲ್ ಡಬ್ಬಿಯಲ್ಲಿ ಮಾಡಿಟ್ಟಿದ್ದ ಮಾದರಿ ಬುಟ್ಟಿಯ ಮೇಲೆ ಚೌಕ ಇಟ್ಟು ನೋಡುತ್ತೇನೆ, ಅಕ್ಷರ ವಾಲಿಕೊಂಡಿದೆ! ತಲೆ ಚಚ್ಚಿಕೊಂಡೆ. ಈ ಆಕಾರವನ್ನು ಮೇಲೆ ಚೌಕ ಬರುವಂತೆ ತೂಗುಹಾಕಿದರೆ ಪಕ್ಕದ ನಾಲ್ಕು ಚೌಕ ನೆಟ್ಟಗೆ ನಿಲ್ಲುವುದಿಲ್ಲ, ಮೂಲೆಯ ಮೇಲೆ ನಿಲ್ಲುತ್ತವೆ, ಕಾಜು ಬರ್ಫಿಯ ಹಾಗೆ. ಅಕ್ಷರವನ್ನು 45 ಡಿಗ್ರಿ ತಿರುಗಿಸಬೇಕಿತ್ತು. ಮಾದರಿ ಮೂರು ವಾರದಿಂದ ಕಣ್ಣ ಮುಂದೆಯೇ ತೂಗುತ್ತಿತ್ತು.

ತಿರುಗಿಸಿದರೆ ಇನ್ನೊಂದು ಪೆಟ್ಟು. ಮೂಲೆಯ ಮೇಲೆ ನಿಂತ 5 ಇಂಚಿನ ಚೌಕದೊಳಗೆ ನೆಟ್ಟಗೆ ಹಿಡಿಸುವುದು ಮೂರೂವರೆ ಇಂಚು ಮಾತ್ರ. ಅಂಚು ಬಿಟ್ಟರೆ 3. ಅಕ್ಷರ ಸಣ್ಣದಾಯಿತು, ಅದರ ಜೊತೆ ಸಂಕವೂ ಸಣ್ಣದಾಯಿತು. ಅದನ್ನು ಮತ್ತೆ ಅಗಲ ಮಾಡಿದೆ.

ಅಕ್ಟೋಬರ್ 15

ಕಾರು. ಪೆಟ್ಟಿಗೆ. ಕೆಂಪು ತ್ರಿಕೋನಗಳು. ಇಲ್ಲಿ ಪೆಟ್ಟಿಗೆಯ ಮುಂದೆ ಕಂಪ್ಯೂಟರ್ ಸೋತಿತು. ತ್ರಿಕೋನ ಬೇಸಿಕ್ ಶೇಪ್ಸ್ ಅನ್ನುವ ಸರಳ ಆಕಾರಗಳ ಗುಂಪಿನಲ್ಲೇ ಇದೆ, ಅಜ್ಜಿಯ ಖಜಾನೆಯಲ್ಲಿ ಐದೆಸಳಿನ ಹೂವೂ ಇದೆ. ಎಳೆದು ಇಡುವುದು, ತಿರುಗಿಸುವುದು, ಪಕ್ಕದ ತ್ರಿಕೋನವನ್ನು ತಲೆಕೆಳಗು ಮಾಡಿ ಸಂದಿಗೆ ತಳ್ಳುವುದು. ಬೀಡಿ ಕಟ್ಟುವವರ ಕೈಯ ಹಾಗೆ ತಾನಾಗಿಯೇ ಓಡುತ್ತದೆ. ಕಂಪ್ಯೂಟರ್ ಮುಂದೆ ಕೂರಬೇಕಾದರೆ ಮಗಳು ಮಲಗಬೇಕು, ಪಾತ್ರೆ ತೊಳೆದಾಗಬೇಕು, ಒಂಬತ್ತೂವರೆ ಆಗಬೇಕು. ಅಷ್ಟು ಹೊತ್ತಿಗೆ ಯಾವ ಕಲೆಯೂ ಬೇಡ, ದಿಂಬು ಸಾಕು.

ಅಕ್ಟೋಬರ್ 19

ಮನೆಯ ಯಂತ್ರದಲ್ಲಿ ಕೆಂಪು ಕತ್ತರಿಸಿದೆ. ಬ್ಲೇಡಿನ ಆಳ 6ಕ್ಕೆ ಇಟ್ಟುಬಿಟ್ಟಿದ್ದೆ, ಕಾಗದದ ಜೊತೆ ಮ್ಯಾಟೂ ಗೀರಿತು. 4ಕ್ಕೆ ಇಳಿಸಿದ ಮೇಲೆ ಸರಿ. ಹೂವಿನ ಎಸಳು ಸೂಜಿಯಿಂದ ಎಬ್ಬಿಸಿದರೆ ಒಂದೊಂದೇ ಉದುರುತ್ತಿತ್ತು, ಮಗಳು ಅದನ್ನೆಲ್ಲ ರಂಗೋಲಿಗೆ ಅಂತ ಡಬ್ಬಿಯಲ್ಲಿ ತುಂಬಿಕೊಂಡಳು.

ಜೋಡಿಸಲು ಕೂತರೆ ತ್ರಿಕೋನ ದೊಡ್ಡದು. ಪೆಟ್ಟಿಗೆಗೆ 5 ಅಂತ ಕೊಟ್ಟದ್ದು ನಾನೇ, ಆದರೆ ಅದು ಎತ್ತರದ ಜಾಗ. ಎತ್ತರ 5 ಆದರೆ ಅಂಚು ಸುಮಾರು 5.77. ಅಂಚು 5 ಬೇಕಾದರೆ ಎತ್ತರ 4.33 ಕೊಡಬೇಕಿತ್ತು. ಎಂಟನೇ ಕ್ಲಾಸಿನ ಲೆಕ್ಕದ ಮೇಷ್ಟ್ರು ನೆನಪಾದರು. ಎರಡು ಕೆಂಪು ಹಾಳೆ ವೇಸ್ಟ್. ಆ ಎಂಟು ತ್ರಿಕೋನಕ್ಕೆ ದಾರ ಪೋಣಿಸಿ ಬಾಗಿಲಿಗೆ ತೋರಣ ಮಾಡಿದೆ, ಯಾರಾದರೂ ಕೇಳಿದರೆ ಬೇಕೂಂತಲೇ ಮಾಡಿದ್ದು.

ಅಕ್ಟೋಬರ್ 26

ಲೈಬ್ರರಿಯಲ್ಲಿ ಎರಡನೇ ಸಲ ಹಳದಿ. ಅಕ್ಷರ ನೆಟ್ಟಗೆ. ಹಣತೆಯ ಚಿತ್ರಕ್ಕೆ ಪೆಟ್ಟಿಗೆಯ ತೊಟ್ಟಿಲಿನ ಕೆಳಭಾಗವನ್ನು ನೋಡಿಕೊಂಡು ಇಂಕ್‌ಸ್ಕೇಪ್‌ನಲ್ಲಿ ಬರೆದೆ. ಯಾರಿಗೂ ಗೊತ್ತಾಗುವುದಿಲ್ಲ.

ಸಂಜೆ ಅಂಟಿಸುವ ಕೆಲಸ. ಪ್ರತಿ ಚೌಕದ ಹಿಂದೆ ಬಟರ್ ಪೇಪರ್. ತ್ರಿಕೋನದ ಮಡಿಕೆಗೆ ಮೊದಲು ಖಾಲಿ ಪೆನ್ನಿನಿಂದ ಗೀರಿ ಮಡಿಸಿದೆ, ಇಲ್ಲದಿದ್ದರೆ ದಪ್ಪ ಕಾಗದ ಸೀಳುತ್ತದೆ. ಕೊನೆಯ ತ್ರಿಕೋನ ಅಂಟಿಸಲು ಒಳಗೆ ಕೈ ಹೋಗಬೇಕು, ಅದಕ್ಕೆ ಕೆಳಗಿನ ಖಾಲಿ ಚೌಕ ಉಪಯೋಗಕ್ಕೆ ಬಂತು. ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಒಣಗಲು ಬಿಟ್ಟೆ. ಬಾಲಂಗೋಚಿಗೆ ಹಳದಿ ಕೆಂಪು ಕ್ರೇಪ್ ಕಾಗದ.

ಪೆಟ್ಟಿಗೆ ಇಟ್ಟುಕೊಳ್ಳುವುದಾ ಮಾರುವುದಾ ಅಂತ ನಮ್ಮನೆಯವರು ಕೇಳಿದರು. ಇಟ್ಟುಕೊಳ್ಳುತ್ತೇನೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆ ಜಾಗ ಆಗಿಹೋಗಿದೆ. ಅಕ್ಷರ ಬೇಕಾದಾಗ ಮಾತ್ರ ಲ್ಯಾಪ್‌ಟಾಪ್, ಲೈಬ್ರರಿ. ಹೊಸ ಯಂತ್ರಕ್ಕೆ ದುಡ್ಡು ಹಾಕುವ ಮಾತು ಸದ್ಯಕ್ಕಿಲ್ಲ. ಈ ವಾಕ್ಯವನ್ನು ಅವರಿಗೆ ಓದಿ ಹೇಳಿದ್ದೇನೆ.

ಅಕ್ಟೋಬರ್ 31, ನರಕ ಚತುರ್ದಶಿ

ಬೆಳಿಗ್ಗೆ ಎಣ್ಣೆ ನೀರು, ಸಂಜೆ ಹ್ಯಾಲೋವೀನ್. ಜಗಲಿಯಲ್ಲಿ ಬುಟ್ಟಿ ತೂಗುಹಾಕಿ ಒಳಗೆ ಬ್ಯಾಟರಿಯ ಎಲ್‌ಇಡಿ ದೀಪ ಇಟ್ಟೆವು. ಕತ್ತಲಾದ ಮೇಲೆ ರಸ್ತೆಯಿಂದ ನೋಡಿದರೆ ಕ ಹೊಳೆಯುತ್ತಿತ್ತು, ಸಂಕಗಳು ಕಾಣುವುದೇ ಇಲ್ಲ. ಚಾಕೊಲೇಟ್ ಕೇಳಲು ಬಂದ ಪುಟ್ಟ ದೆವ್ವವೊಂದು ಬುಟ್ಟಿಯನ್ನೇ ನೋಡುತ್ತಾ ನಿಂತಿತು. ಮಗಳು ಅದಕ್ಕೆ ಓದಿ ಹೇಳಲು ಹೋದಳು.

ಅಷ್ಟರಲ್ಲಿ ಗಾಳಿ ಬಂತು. ಬುಟ್ಟಿ ಮೆಲ್ಲಗೆ ತಿರುಗಿತು.

"ಡ... ದೀಪ... ಕ... ನ್ನ," ಅಂತ ಓದಿದಳು.

ಒಂದೇ ದಾರದಲ್ಲಿ ಕಟ್ಟಿದ್ದೇ ತಪ್ಪು. ನಾಳೆ ಬೆಳಿಗ್ಗೆ ಎದುರಿನ ಮೂಲೆಗೆ ಇನ್ನೊಂದು ದಾರ ಕಟ್ಟಬೇಕು.