ಮಂಡಿಯ ಮೂಳೆ ತಡಕುತ್ತಾ

ಇವತ್ತು ಇಡೀ ಮಧ್ಯಾಹ್ನ, ಕ್ಯಾಮೆರಾ ಇಟ್ಟು ನಡಿಗೆ ಅಳೆಯುವ ಲ್ಯಾಬಿನಲ್ಲಿ ಒಂದೇ ಮಂಡಿ ನೋಡುತ್ತಾ ಕಳೆಯಿತು.

ಸ್ಕ್ರೀನಿನ ಮೇಲೆ ಕಂಪ್ಯೂಟರ್ ಕಟ್ಟಿದ ಕಾಲಿನ ಮಾಡೆಲ್‌ನ ಮಂಡಿ ಪ್ರತಿ ಹೆಜ್ಜೆಗೂ ಪಕ್ಕಕ್ಕೆ ವಾಲುತ್ತಿತ್ತು. ಎದುರಿಗೆ ನಡೆಯುತ್ತಿದ್ದವರ ಕಾಲು ಮಾತ್ರ ನೆಟ್ಟಗೇ ಇತ್ತು.

ಕೊನೆಗೆ ಸಿಕ್ಕಿತು. ಮಂಡಿಯ ಹೊರಬದಿಯ ಮಾರ್ಕರ್ (ಕ್ಯಾಮೆರಾಗೆ ಕಾಣಲಿ ಅಂತ ಚರ್ಮಕ್ಕೆ ಅಂಟಿಸುವ ಪುಟ್ಟ ಗುಂಡು) ಸ್ವಲ್ಪ ಹಿಂದಕ್ಕೆ ಅಂಟಿತ್ತು. ಸುಮ್ನೆ ನಿಲ್ಲಿಸಿ ತೆಗೆದ ಮೊದಲ ರೆಕಾರ್ಡಿಂಗಿನಲ್ಲೇ! ಒಳಬದಿ, ಹೊರಬದಿಯ ಎರಡು ಮಾರ್ಕರ್ ಸೇರಿಸುವ ಗೆರೆಯೇ ಮಾಡೆಲ್‌ಗೆ ಮಂಡಿ ಮಡಚುವ ಅಕ್ಷ. ಆ ಗೆರೆ ತಿರುಗಿದರೆ, ಮಡಚಿದ್ದರಲ್ಲಿ ಒಂದು ಪಾಲು ಪಕ್ಕಕ್ಕೆ ವಾಲಿದ ಹಾಗೆ ಲೆಕ್ಕಕ್ಕೆ ಬರುತ್ತದೆ.

ಬೆರಳಿನಿಂದ ಮೂಳೆಯ ಉಬ್ಬು ಹುಡುಕಿ ಮತ್ತೆ ಅಂಟಿಸಿದೆ. ಎಷ್ಟು ಸಣ್ಣ ಉಬ್ಬು ಅದು!

ತೊಡೆಯನ್ನು ಒಂದು ಗಟ್ಟಿ ತುಂಡು ಅಂತ ಹಿಡಿದರೆ, ಅದು ಎಲ್ಲಿದೆ, ಎತ್ತ ತಿರುಗಿದೆ ಅಂತ ತಿಳಿಯಲು ಒಂದೇ ಗೆರೆಯಲ್ಲಿಲ್ಲದ 3 ಮಾರ್ಕರ್ ಸಾಕು. ಆದರೆ ತೊಡೆ ಗಟ್ಟಿ ತುಂಡಲ್ಲ, ಅಲ್ವಾ? ಹಿಮ್ಮಡಿ ನೆಲಕ್ಕೆ ತಾಗಿದ ತಕ್ಷಣ ಮಾಂಸ ಕುಲುಕುತ್ತದೆ. ಚರ್ಮದ ಜೊತೆ ಮಾರ್ಕರೂ ಸರಿಯುತ್ತದೆ, ಕೆಲವೊಮ್ಮೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ. ನಾನು ಹುಡುಕುತ್ತಿರುವುದು ಮೂಳೆಯನ್ನು. ಕ್ಯಾಮೆರಾಗೆ ಕಾಣುವುದು ಬರೀ ಚರ್ಮ. ಅದಕ್ಕೇ 4 ಮಾರ್ಕರ್ ಇರುವ ಗಟ್ಟಿ ಪ್ಲೇಟ್ ಕಟ್ಟುತ್ತೇನೆ. ಅದೂ ಪೂರ್ತಿ ನಿಲ್ಲುವುದಿಲ್ಲ.

ನಾಳೆ ಅವರು ಓಡಬೇಕು. ಪ್ಲೇಟಿನ ಪಟ್ಟಿ ಇನ್ನೊಂದು ಸುತ್ತು ಸುತ್ತುತ್ತೇನೆ.